ಹೋಟೆಲಮ್ಮ ಆಳಕ್ಕೆ ಇಳಿದದ್ದು

"ಮಂಡಿ ಆಪರೇಷನ್ ಆದ್ಮೇಲೆ ಪಾಪ, ಮೂಲೆ ಹಿಡಿದುಬಿಟ್ರು ಕಣ್ರೀ."

ವಡೋದರಾದಲ್ಲಿ, ಹೋಟೆಲಮ್ಮನ ಉತ್ತರಕ್ರಿಯೆಯ ಊಟದ ಪಂಕ್ತಿಯಲ್ಲಿ, ನನ್ನ ಎಡಕ್ಕೆ ಕೂತಿದ್ದ ನೆಂಟರ ಹೆಂಗಸೊಬ್ಬರು ಹೀಗೆಂದು ಹಪ್ಪಳ ಮುರಿದರು. ಎದುರು ಸಾಲಿನವರು ಹೌದು ಹೌದು ಎಂದು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಮೂಲೆ ಹಿಡಿದರಂತೆ, ಮೂಲೆ! ಎಲೆಯ ಮುಂದೆ ಕೂತು ಜಗಳ ತೆಗೆಯಬಾರದೆಂದು ಸಾರನ್ನ ಕಲಸಿ ಕಲಸಿ ನುಂಗಿದೆ. ಸೂರತ್ತಿಗೆ ವಾಪಸು ಬರುವ ರೈಲು ಹತ್ತಿದ ಮೇಲೂ ಆ ಮಾತು ಗಂಟಲಲ್ಲೇ ಕೂತಿತ್ತು. ಆಕೆಗೆ ಅಲ್ಲೇ ಹೇಳಬೇಕಾಗಿದ್ದದ್ದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಬೇಡ. ಸೂರತ್ತಿನ ಉಧ್ನಾದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡೇ ಇಲ್ಲ. ಕನ್ನಡದವರಿಗೆ ಹೋಟೆಲಮ್ಮ, ಮಿಕ್ಕವರಿಗೆಲ್ಲ ಮಾಸಿ. ಕುಂದಾಪುರದ ಕಡೆಯವರು. ಮದುವೆಯಾಗಿ ಬಂದದ್ದೇ ನೇರ ಗಂಡನ ಹೋಟೆಲಿನ ಅಡುಗೆಮನೆಗೆ. ಮಗ್ಗದ ಕಾರ್ಖಾನೆಗಳ ಪಾಳಿ ಬಿಟ್ಟು ಬರುವ ಕೆಲಸಗಾರರಿಗೆ ಬೆಳಗಿನ ಜಾವದಿಂದಲೇ ಇಡ್ಲಿ ಬೇಕು, ದೋಸೆ ಬೇಕು. ಕಾವಲಿಯ ಮುಂದೆ ನಿಂತವರು ನಿಂತೇ ಇದ್ದರು, ಬಲಮಂಡಿ ಸವೆದು ಹೋಗುವವರೆಗೆ. ಗಿರಾಕಿ ಎದುರಿಗಿರುವಾಗ ಹೋಟೆಲಿನವರು ಕೂರಬಾರದು ಎಂಬುದು ಅವರ ಮಾವ ಹಾಕಿಕೊಟ್ಟ ನೇಮ. ಮಾವ ಹೋದರು, ನೇಮ ಉಳಿಯಿತು. ಸಾಂಬಾರಿಗೆ ಬೆಲ್ಲ ಸಾಲದೆಂದು ಗುಜರಾತಿ ಗಿರಾಕಿಯೊಬ್ಬ ಗೊಣಗಿದಾಗ ಸಕ್ಕರೆ ಡಬ್ಬಿಯನ್ನೇ ತಂದು ಅವನ ಮುಂದೆ ಕುಕ್ಕಿ, "ಹೊಟ್ಟಿಯಂಗೆ ಹೋಯಿ ಎಲ್ಲಾ ಒಂದೇ ಆತ್ತ್, ಹಾಕ್ಕಣಿ" ಎಂದಿದ್ದರಂತೆ. ಹೋಟೆಲು ಶುದ್ಧ ಸಸ್ಯಾಹಾರಿ. ಅವರಲ್ಲ. ಒಣಮೀನಿನ ಡಬ್ಬಿ ಮನೆಯಲ್ಲಿ ಎಲ್ಲಿರುತ್ತಿತ್ತೆಂದು ನನಗೆ ಗೊತ್ತು, ಕೆಳಮನೆಯ ಜೈನರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ನನಗೆ ಅವರ ಪರಿಚಯವಾದದ್ದು ಹೋಟೆಲಿನಲ್ಲಲ್ಲ, ಫಿಸಿಯೋಥೆರಪಿಯ ಮಂಚದ ಮೇಲೆ. ನಾನು ಧಾರವಾಡದವಳು, ಸೀರೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ. ಉಧ್ನಾದ ರಸ್ತೆಯಲ್ಲಿ ಸ್ಕೂಟರು ಜಾರಿ ಮಂಡಿಯ ಲಿಗಮೆಂಟ್ ಹರಿದು, ಆಪರೇಷನ್ ಮಾಡಿಸಿಕೊಂಡು, ಕಾಲು ಮಡಿಸುವುದನ್ನು ಮೊದಲಿನಿಂದ ಕಲಿಯುತ್ತಿದ್ದೆ. ಪರದೆಯ ಆಚೆಯ ಮಂಚದಲ್ಲಿ ಫಿಸಿಯೋ ಹುಡುಗಿ ಯಾರ ಕಾಲನ್ನೋ ಒತ್ತಿ ಒತ್ತಿ, "ಮಾಸಿ, ಔರ್ ಥೋಡಾ, ಬಸ್ ಥೋಡಾ" ಎನ್ನುತ್ತಿದ್ದಳು.

"ನಿನ್ನ ಥೋಡಾಕ್ ಬೆಂಕಿ ಹಾಕ!" ಎಂದಿತು ಮಂಚ.

ನಾನು ಗೊಳ್ಳೆಂದು ನಕ್ಕೆ. ಪರದೆ ಸರಿಯಿತು. ಬೆವರಿದ ದುಂಡು ಮುಖ, ಹಣೆಯಲ್ಲಿ ಅಳಿಸಿದ ಕುಂಕುಮ. "ಯಾರ್ ಹೆಣೆ ನೀನ್? ಕನ್ನಡ ಬತ್ತಾ? ಹಾಂಗಾರೆ ಈ ಹುಡ್ಗಿಗ್ ಹೇಳ್, ನಂದ್ ಹೊಸಾ ಮಂಡಿ. ಮುರ್ದ್ರೆ ಬೇರೆ ಸಿಕ್ಕುದಿಲ್ಲೆ ಅಂದೇಳಿ." ಹೆಣೆ ಎಂದರೆ ಅವರ ಕಡೆಯಲ್ಲಿ ಹುಡುಗೀ ಎಂದು.

ಅಹಮದಾಬಾದಿಗೆ ಹೋಗಿ ಮಂಡಿಯ ಕೀಲನ್ನೇ ಬದಲಾಯಿಸಿಕೊಂಡು ಬಂದಿದ್ದರು. ನೋವಿಗೆ ಅವರು ಅಂಜಿದ್ದನ್ನು ನಾನು ನೋಡಲಿಲ್ಲ. ಅವರನ್ನು ಕಂಗೆಡಿಸಿದ್ದು ಬೇರೆ. ಆಪರೇಷನ್ ಆದಾಗಿನಿಂದ ಯಾರಾದರೊಬ್ಬರು ಅವರನ್ನು ಹಿಡಿದುಕೊಂಡೇ ಇರುತ್ತಿದ್ದರು. ಮೆಟ್ಟಿಲಲ್ಲಿ ಮಗ, ಬಚ್ಚಲ ಬಾಗಿಲಲ್ಲಿ ಸೊಸೆ, ರಸ್ತೆ ದಾಟುವಾಗ ಗಂಡ. ಅಡುಗೆಮನೆಗೆ ಕಾಲಿಡುವಂತಿಲ್ಲ, ನೆಲ ಜಾರುತ್ತದೆ. ಪ್ರೀತಿಯೇ, ಇಲ್ಲವೆನ್ನುವುದಿಲ್ಲ. ಆದರೆ ಅವರು ಏಳಲೆಂದು ಮೈ ಅಲುಗಿಸುವ ಮೊದಲೇ ಕಂಕುಳಿಗೆ ಒಂದು ಕೈ ಬಂದು ಸೇರುತ್ತಿತ್ತು. ಆಗ ಅವರ ಮುಖ ನೋಡಬೇಕಿತ್ತು. ಇಡೀ ಉಧ್ನಾವನ್ನು ಗದರಿಸಿದ ಹೆಂಗಸು ತುಟಿ ಕಚ್ಚಿ ಮತ್ತೆ ಕೂತುಬಿಡುತ್ತಿದ್ದರು.

ನೀರಿನಲ್ಲಿ ನಡೆದರೆ ಮಂಡಿಗೆ ಒಳ್ಳೆಯದೆಂದು ಡಾಕ್ಟರು ನಮ್ಮಿಬ್ಬರಿಗೂ ಹೇಳಿದರು. ಹತ್ತಿರದ ಈಜುಕೊಳದಲ್ಲಿ ಬೆಳಗಿನ ತಿಂಡಿಯ ಗಲಾಟೆ ಮುಗಿಯುವ ಹೊತ್ತಿಗೆ ಹೆಂಗಸರ ಬ್ಯಾಚು. ಮನೆಯವರು ಒಪ್ಪಿದ್ದು ಎದೆಮಟ್ಟದ ನೀರಿನಲ್ಲಿ, ಕಂಬಿ ಹಿಡಿದುಕೊಂಡು ನಡೆಯುವುದಕ್ಕೆ ಮಾತ್ರ. ಈಜುವ ಮಾತೇ ಇಲ್ಲ. ಹಾಗೆಂದು ಕಿರಿಯ ಮಗ ನನ್ನ ಹತ್ತಿರವೂ ಹೇಳಿದ. ಸೂರತ್ತಿನಲ್ಲೇ ಬೆಳೆದ ಹುಡುಗ, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ. ಅವನ ಕನ್ನಡ ಕಾಲು ಭಾಗ ಹಿಂದಿ. "ದೀದಿ, ಅಮ್ಮ ಡೀಪ್ ಸೈಡ್ ಹೋದ್ರೆ ನನಗೆ ಫೋನ್ ಮಾಡಿ. ಏಕ್ ಬಾರ್ ಹೋದ್ರೆ ಬಸ್, ಮತ್ತೆ ಪೂಲ್ ಬಂದ್."

ಹೋಟೆಲಮ್ಮ ನೀರಿಗಿಳಿಯುವ ರೀತಿಯೇ ಬೇರೆ. ಚೂಡಿದಾರದಂಥ ಉದ್ದ ಈಜುಡುಗೆ ತೊಟ್ಟು, ಮೆಟ್ಟಿಲ ಮೇಲೆ ನಿಂತು, ಒಂದು ಬೊಗಸೆ ನೀರು ತಲೆಗೆ ಹಾಕಿಕೊಂಡು, ಒಂದು ಹನಿ ನಾಲಿಗೆಗೆ ತಾಗಿಸಿ ಉಗಿಯುತ್ತಿದ್ದರು. "ಉಪ್ಪೇ ಇಲ್ಲೆ. ಇದೂ ಒಂದ್ ನೀರಾ?" ಹುಡುಗಿಯಾಗಿದ್ದಾಗ ಅವರು ಈಜಿದ್ದು ಸಮುದ್ರ ಸೇರುವ ಹೊಳೆಯ ಬಾಯಲ್ಲಿ, ಚಿಪ್ಪು ಹೆಕ್ಕಲು ಹೋಗಿ. ಉಪ್ಪುನೀರು ಮೈಯನ್ನು ತಾನೇ ಮೇಲೆತ್ತುತ್ತದೆ ಎನ್ನುತ್ತಿದ್ದರು. ಕಂಬಿ ಹಿಡಿದು ನಾವಿಬ್ಬರೂ ಆ ತುದಿಯಿಂದ ಈ ತುದಿಗೆ ನಡೆಯುವುದು, ತಳದ ಹೆಂಚಿನ ಬಣ್ಣ ಕಪ್ಪಾಗುವಲ್ಲಿ ನಿಂತು ತಿರುಗುವುದು. ಅಲ್ಲಿಂದಾಚೆ ಕಾಲಿಗೆ ನೆಲ ಸಿಗುವುದಿಲ್ಲ.

ನಾನಂತೂ ಅಲ್ಲಿ ತಿರುಗಿದರೆ ಬದುಕಿದೆನೆನ್ನುವಂತೆ ತಿರುಗುತ್ತಿದ್ದೆ. ಕಾಲೇಜಿಗಾಗಿ ಈಜಿ ಕಪ್ ಗೆದ್ದವಳು ನಾನು! ಈಗ ನೆಲ ಬಿಟ್ಟರೆ ಮಂಡಿ ಕಳಚಿ ಹೋಗುತ್ತದೆ ಎಂದು ಹೆದರಿಕೆ. ಅವರು ಕೂಡಲೇ ತಿರುಗುತ್ತಿರಲಿಲ್ಲ. ಕಪ್ಪು ಹೆಂಚಿನ ಗೆರೆಯಲ್ಲಿ ನಿಂತು ಆಳದ ಕಡೆ ನೋಡುತ್ತಿದ್ದರು.

"ಕಾಣ್ ಹೆಣೆ," ಎಂದರು ಒಂದು ದಿನ. "ನೆಲದ್ ಮೇಲೆ ನಾನ್ ಯಾವತ್ತೂ ಯಾರ್ದಾರೂ ಕೈಯಂಗೇ ಇದ್ದೆ. ಅಲ್ಲಿಗ್ ಹೋದ್ರೆ ಯಾರೂ ಹಿಡ್ಕಂಬುಕ್ ಬತ್ತಿಲ್ಲೆ. ಈ ಅಗಲ ಒಂದ್ಸಲ ದಾಟ್ಕ್. ನಾನೇ, ಒಬ್ಳೇ."

"ಬ್ಯಾಡ್ರಿ ಅಮ್ಮ. ನಿಮ್ಮ ಮಗಗ ಗೊತ್ತಾದ್ರ ನನ್ನ ಮರ್ಯಾದಿ ಉಳಿಯೂದಿಲ್ಲ."

"ಕಾಂಬ," ಎಂದರು. ನೋಡೋಣ ಎಂದು ಅದರ ಅರ್ಥ. ಅವರ ಬಾಯಲ್ಲಿ ಆ ಮಾತು ಬಂತೆಂದರೆ ಆಗಲೇ ಎಲ್ಲ ತೀರ್ಮಾನವಾಗಿದೆ ಎಂದು ತಿಳಿಯಬೇಕು.

ಒಂದು ತೊಡಕಿತ್ತು. ಅವರಿಗೆ ಬರುತ್ತಿದ್ದದ್ದು ಹೊಳೆಯ ಈಜು, ಕಪ್ಪೆಯ ಹಾಗೆ ಎರಡೂ ಕಾಲು ಅಗಲಿಸಿ ಒದೆಯುವುದು. ಹೊಸ ಮಂಡಿಗೆ ಅದು ಕೂಡದೆಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಕಾಲು ಒದೆಯದ ಹಾಗೆ ಮಾಡುವುದು ಹೇಗೆ? ಕೊಳದಲ್ಲಿ ತೇಲಿಸುವ ಫೋಮಿನ ಹಲಗೆಗಳಿದ್ದವು. ಅವನ್ನು ಚಿವುಟಿ ನೋಡಿ, "ಈ ಸ್ಪಂಜಿನ್ ತುಂಡ್ ನಂಬ್ಕಂಡ್ ನಾನ್ ಸಾಯೂದಿಲ್ಲೆ" ಎಂದರು. ಮರುದಿನ ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಹಗ್ಗದಲ್ಲಿ ಜೋಡಿ ಕಟ್ಟಿ ಹೆಗಲಿಗೆ ನೇತುಹಾಕಿಕೊಂಡು ಆಟೋದಿಂದ ಇಳಿದರು.

ಕರಾವಳಿಯ ಮಕ್ಕಳು ಈಜು ಕಲಿಯುವುದೇ ಹಾಗಂತೆ, ಸೊಂಟಕ್ಕೆ ಒಣಕಾಯಿ ಕಟ್ಟಿಕೊಂಡು. ಧಾರವಾಡದವಳಿಗೆ ನನಗೇನು ಗೊತ್ತು? ಗೇಟಿನ ಕಾವಲುಗಾರನಿಗಂತೂ ಏನೇನೂ ಗೊತ್ತಿಲ್ಲ. ಕಾಯಿ ಕಂಡವನೇ ಕೈ ಮುಗಿದು, "ಮಾಸಿ, ಪೂಜಾ ಕರನಾ ಹೈ ತೋ ತಾಪಿ ನದೀ ಪೇ ಜಾವ್, ಯೇ ಸ್ವಿಮ್ಮಿಂಗ್ ಪೂಲ್ ಹೈ" ಎಂದ. ಹೋಟೆಲಮ್ಮ ಅವನಿಗೂ ಕೈ ಮುಗಿದು ಒಳಗೆ ಬಂದರು. ನಾನು ಇನ್ನೂ ನಗುತ್ತಲೇ ಇದ್ದೆ.

ಅವರು ಕಾಯಿಗಳನ್ನು ಸೊಂಟಕ್ಕೆ ಕಟ್ಟಲಿಲ್ಲ. ಕಾಲುಗಳು ಒದೆಯಬಾರದಲ್ಲ, ಅದಕ್ಕೆಂದು ಮಂಡಿಯ ಕೆಳಗೆ ಎರಡೂ ಕಾಲು ಸೇರಿಸಿ ಬಿಗಿದುಕೊಂಡರು. ಊರಿನ ಬುದ್ಧಿ, ಡಾಕ್ಟರ ಮಾತು, ಎರಡನ್ನೂ ಒಂದೇ ಗಂಟಿಗೆ ಹಾಕಿದ ಹಾಗೆ. ಆಳದ ಬದಿಯ ದಂಡೆಯಲ್ಲಿ ಕೂತರು. ಈಜು ಕಲಿಸುವ ಮೇಡಂ ಆ ಕಡೆ ತುದಿಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. "ಅಮ್ಮ, ತಡೀರಿ, ಮೇಡಂ ಬರ್ಲಿ" ಎಂದು ಎದೆಮಟ್ಟದ ನೀರಿನಿಂದ ನಾನು ಕೂಗುವುದಕ್ಕೂ ಅವರು ನೀರಿಗೆ ಜಾರುವುದಕ್ಕೂ ಸರಿಹೋಯಿತು.

ಕಾಯಿಗಳು ತೇಲಿದವು, ಕಾಲುಗಳೂ ತೇಲಿದವು. ತಲೆ ಕೆಳಗೆ ಹೋಯಿತು.

ನೀರಿನ ಮೇಲೆ ಎರಡು ಕಾಯಿ, ಎರಡು ಪಾದ. ಅಷ್ಟೇ ಕಾಣಿಸುತ್ತಿತ್ತು. ಅವರು ತಲೆ ಎತ್ತಲು ಹೆಣಗಿದಷ್ಟೂ ಕಾಲು ಇನ್ನಷ್ಟು ಮೇಲೇಳುತ್ತಿತ್ತು. ಕೈ ಬಡಿಯುತ್ತಿದ್ದದ್ದು ನೀರಿನೊಳಗೆ, ಸದ್ದೇ ಇರಲಿಲ್ಲ. ನನಗೆ ಮಂಡಿಯ ನೆನಪೂ ಬರಲಿಲ್ಲ. ಕಪ್ಪು ಹೆಂಚು ದಾಟಿದ್ದೂ ಗೊತ್ತಾಗಲಿಲ್ಲ. ಮುಳುಗಿ, ಅವರ ಎರಡು ಹೆಗಲ ಕೆಳಗೆ ನನ್ನ ಭುಜ ಕೊಟ್ಟು ಮೇಲಕ್ಕೆ ನೂಕಿದೆ. ಕೂದಲು ಮುಖಕ್ಕೆ ಸುತ್ತಿಕೊಂಡಿತು, ಅವರ ಮೊಣಕೈ ನನ್ನ ಹಲ್ಲಿಗೆ ಬಡಿಯಿತು. ಅಷ್ಟರಲ್ಲಿ ಮೇಡಂ ಧುಮುಕಿ ಬಂದು ಹಗ್ಗ ಬಿಚ್ಚಲು ನೋಡಿದರು. ಒದ್ದೆ ಗಂಟು ಬಿಚ್ಚುವುದುಂಟೇ? ಹಾಗೆಯೇ ದಂಡೆಗೆ ಎಳೆದು ತಂದೆವು.

ಕೆಮ್ಮಿ, ನೀರು ಕಕ್ಕಿ, ಉಸಿರು ಹತೋಟಿಗೆ ಬಂದ ಕೂಡಲೇ ಹೋಟೆಲಮ್ಮ ನನ್ನ ಕೈ ಹಿಡಿದದ್ದು ಕೃತಜ್ಞತೆಗಲ್ಲ. "ಮಗನಿಗ್ ಹೇಳುಕಾಗ," ಎಂದರು. ಹೇಳಕೂಡದು. "ಹೇಳಿದ್ಯೋ, ನಾನ್ ಸತ್ತ್ ಹಾಂಗೇ."

"ಈಗ ಸಾಯ್ತಿದ್ರಲ್ರೀ!" ಎಂದು ನಾನು ಕಿರುಚಿದೆ. ಸಿಟ್ಟಿಗೋ ಹೆದರಿಕೆಗೋ ಅಳು ಬಂದುಬಿಟ್ಟಿತು.

ಮೇಡಂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅವರ ಹಿಂದಿಯೂ ಗುಜರಾತಿಯೂ ಒಟ್ಟಿಗೇ ಸಿಡಿದವು. ಡಾಕ್ಟರ ಚೀಟಿ ತೋರಿಸದೆ ಇನ್ನು ಗೇಟಿನೊಳಗೆ ಕಾಲಿಡಬೇಡಿ ಎಂದರು. ಡಾಕ್ಟರು ಚೀಟಿ ಕೊಟ್ಟರು, ಕಾಲು ಆಡಿಸದೆ ಕೈಯಲ್ಲಿ ಮಾತ್ರ ಈಜುವುದಾದರೆ ಅಡ್ಡಿಯಿಲ್ಲವೆಂದು. ಆಮೇಲೆ ಮೇಡಂ ಷರತ್ತು ಹಾಕಿದರು: ಮೈಗೆ ಏನೂ ಕಟ್ಟದೆ, ಕಾಲು ಒದೆಯದೆ, ಆಳದ ಅಗಲವನ್ನು ತಮ್ಮ ಕಣ್ಣೆದುರು ದಾಟಿ ತೋರಿಸಬೇಕು. ಪಕ್ಕದಲ್ಲಿ ಒಬ್ಬರು ಈಜಬೇಕು. ಒಂದೇ ಅವಕಾಶ. ಆಗದಿದ್ದರೆ ಕಂಬಿ ಹಿಡಿದು ನಡೆಯಿರಿ, ಅಷ್ಟೇ. "ಪಕ್ಕದಲ್ಲಿ ಇವಳು" ಎಂದು ಹೋಟೆಲಮ್ಮ ನನ್ನ ಕಡೆ ಬೆರಳು ತೋರಿಸಿದರು. ನನ್ನನ್ನು ಕೇಳಿದವರ್ಯಾರು?

ಅದೇ ತಿಂಗಳು ಹೋಟೆಲನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಅಪ್ಪ ಅಮ್ಮನನ್ನು ವಡೋದರಾದ ಹಿರಿಯ ಮಗನ ಮನೆಗೆ ಕರೆದೊಯ್ಯುವುದೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಅಲ್ಲಿಯ ಮನೆ ನೆಲಮಹಡಿ, ಬಚ್ಚಲಲ್ಲಿ ಹಿಡಿಕೆ ಹಾಕಿಸಿದ್ದಾರೆ, ನೋಡಿಕೊಳ್ಳಲು ಒಬ್ಬ ಹೆಂಗಸನ್ನೂ ಗೊತ್ತುಮಾಡಿದ್ದಾರೆ. ಹೋಟೆಲಮ್ಮ ಇದನ್ನೆಲ್ಲ ನನಗೆ ಹೇಳಿ, "ಕೂರ್ಸಿ ಇಡ್ತ್ರ್ ಇನ್ನ್" ಎಂದರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅವತ್ತೇ ನನಗೆ ಪೂರ್ತಿ ಅರ್ಥವಾದದ್ದು, ಇದು ಹಟವಲ್ಲ ಎಂದು.

ಕಲಿಕೆ ಶುರುವಾಯಿತು. ಕೈಯನ್ನು ಹೇಗೆ ಚಾಚಬೇಕು, ಹೇಗೆ ಎಳೆಯಬೇಕು, ಸುಸ್ತಾದರೆ ಹೇಗೆ ಬೆನ್ನ ಮೇಲೆ ಮಲಗಬೇಕು ಎಂದು ನಾನು ಎದೆಮಟ್ಟದ ನೀರಿನಲ್ಲಿ ಹೇಳಿಕೊಡುತ್ತಿದ್ದೆ. ದೋಸೆ ಹೊಯ್ದ ಕೈ; ತೋಳಿನಲ್ಲಿ ಬಲಕ್ಕೇನೂ ಬರವಿರಲಿಲ್ಲ. ಕಾಲೇ ಮಾತು ಕೇಳುತ್ತಿರಲಿಲ್ಲ. ನಾಲ್ಕು ಕೈ ಹಾಕುವಷ್ಟರಲ್ಲಿ ಬಲಗಾಲು ತಾನಾಗಿಯೇ ಮಡಚಿಕೊಂಡು ಒದೆಯಲು ಸಿದ್ಧವಾಗುತ್ತಿತ್ತು. ಆಗ ನಿಂತು, ಬಗ್ಗಿ, ಮಂಡಿಗೇ ಬೈಯುತ್ತಿದ್ದರು. "ನಿಂಗೆ ಹೊಳಿ ಹ್ಯಾಂಗ್ ನೆಂಪಿತ್ತ್? ನೀ ಮೊನ್ನೆ ಅಹಮದಾಬಾದಂಗೆ ಹುಟ್ಟಿದ್ದಲ್ದಾ? ಸುಮ್ನಿರ್!" ಪಕ್ಕದಲ್ಲಿ ಈಜುತ್ತಿದ್ದ ಗುಜರಾತಿ ಹುಡುಗಿಯರು ಯಾರಿಗೆ ಬೈಗುಳವೆಂದು ತಿಳಿಯದೆ ದೂರ ಸರಿಯುತ್ತಿದ್ದರು.

ನನ್ನನ್ನು ಒಂದೇ ಒಂದು ವಿಷಯಕ್ಕೆ ಅವರು ಬೈದದ್ದು. ಕೈ ಕಲಿಸುವಾಗ ನಾನು ಅವರ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟಿದ್ದೆ. ತಟ್ಟನೆ ನಿಂತರು. "ಅವತ್ತ್ ದಾಟುವತ್ತಿಗೆ ನನ್ನ ಮುಟ್ಟುಕಾಗ. ಏನೇ ಆಯ್ಲಿ. ಮುಟ್ಟಿದ್ರೆ ಅದ್ ನಾನ್ ದಾಟ್ದಾಂಗ್ ಆತಿಲ್ಲೆ."

"ಮುಳುಗಿದ್ರ?"

"ಮುಳ್ಗಿದ್ ಮೇಲೆ ಮುಟ್ಟ್. ಮುಳ್ಗುಕ್ ಮೊದ್ಲ್ ಮುಟ್ಟುಕಾಗ."

ಹೇಳುವುದು ಸುಲಭ. ಮುಳುಗುವುದಕ್ಕೆ ಮೊದಲು ಯಾವುದು, ಆಮೇಲೆ ಯಾವುದು ಎಂದು ನೀರಿನಲ್ಲಿ ಗೆರೆ ಎಳೆದಿರುತ್ತದೆಯೇ? ಎರಡು ಕಾಯಿ, ಎರಡು ಪಾದ ಮಾತ್ರ ತೇಲುತ್ತಿದ್ದದ್ದು ನನ್ನ ಕಣ್ಣಿನಿಂದ ಹೋಗಿರಲಿಲ್ಲ. ಲ್ಯಾಬಿನಲ್ಲಿ ಬಣ್ಣ ತೂಗುವಾಗ ಲೆಕ್ಕ ತಪ್ಪಿ ಮತ್ತೆ ತೂಗುತ್ತಿದ್ದೆ.

ಅವರು ವಡೋದರಾಕ್ಕೆ ಹೊರಡುವ ಹಿಂದಿನ ದಿನ. ಸಾಮಾನೆಲ್ಲ ಟೆಂಪೋಗೆ ಏರಿಸಿಯಾಗಿತ್ತು. ಮೇಡಂ ಹಗ್ಗ ಹಾಕಿ ಆಳದ ಬದಿಯನ್ನು ನಮಗೆ ಬಿಡಿಸಿಕೊಟ್ಟರು. ಹೋಟೆಲಮ್ಮ ಏಣಿಯಿಂದಿಳಿದು ಕಂಬಿ ಹಿಡಿದು ನಿಂತರು. ನಾನೂ ಇಳಿದೆ. ಕೆಳಗೆ ನೆಲವಿಲ್ಲ. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದೆ. ಅವತ್ತು ಅವರನ್ನು ಎತ್ತಲು ಬಂದದ್ದು ಯೋಚನೆಯಿಲ್ಲದೆ. ಇವತ್ತು ಯೋಚಿಸಿಕೊಂಡು ಇಳಿದಿದ್ದೆ.

ಆಗಲೇ ಬಟ್ಟೆ ಬದಲಾಯಿಸುವ ಕೋಣೆಯ ಕೆಲಸದವಳು ಬಾಗಿಲಲ್ಲಿ ನಿಂತು ಕೂಗಿದಳು. "ಮಾಸಿ ಕಾ ಲಡ್ಕಾ ಆಯಾ ಹೈ! ಗೇಟ್ ಪೇ ಖಡಾ ಹೈ, ಬಹುತ್ ಗುಸ್ಸೇ ಮೇಂ ಹೈ! ಅಭೀ ಕೆ ಅಭೀ ಬುಲಾ ರಹಾ ಹೈ!"

ಆಗಿದ್ದಿಷ್ಟು. ಗೇಟಿನ ಕಾವಲುಗಾರ, ಇನ್ನೂ ಕೈ ಬದಲಾಗದ ಅವರ ಹೋಟೆಲಿಗೆ ಚಹಾ ಕುಡಿಯಲು ಹೋಗಿದ್ದವನು ಗಲ್ಲಾದಲ್ಲಿದ್ದ ಮಗನಿಗೆ, ನಿಮ್ಮ ತಾಯಿ ಎಂಥ ಭಕ್ತೆ, ಈಜುಕೊಳಕ್ಕೂ ತೆಂಗಿನಕಾಯಿ ತಂದಿದ್ದರು, ಪಾಪ ಕಾಲಿಗೇ ಕಟ್ಟಿಕೊಂಡು ಮುಳುಗಿಬಿಟ್ಟಿದ್ದರು ಎಂದು ಭಕ್ತಿಯಿಂದಲೇ ವರದಿ ಒಪ್ಪಿಸಿದ್ದ. ಹುಡುಗ ಗಲ್ಲಾ ಬಿಟ್ಟು ಬೈಕ್ ಹತ್ತಿದ್ದ. ಹೆಂಗಸರ ಹೊತ್ತಾದ್ದರಿಂದ ಒಳಗೆ ಬರುವಂತಿರಲಿಲ್ಲ.

ಮೇಡಂ ನನ್ನ ಮುಖ ನೋಡಿದರು. "ಆಜ್ ರೆಹನೇ ದೋ, ಮಾಸಿ."

"ಕಾಯುಕ್ ಹೇಳ್," ಎಂದರು ಹೋಟೆಲಮ್ಮ ನನಗೆ, ಕನ್ನಡದಲ್ಲಿ. ಕಂಬಿ ಬಿಟ್ಟರು.

ಮೊದಲು ಚೆನ್ನಾಗಿಯೇ ಹೋದರು. ಕೈ ಚಾಚಿ, ಎಳೆದು, ಉಸಿರು ತೆಗೆದು. ಕಾಲುಗಳು ಹಿಂದೆ ಸುಮ್ಮನೆ ಬರುತ್ತಿದ್ದವು. ನಾನು ಒಂದು ಮೊಳ ದೂರದಲ್ಲಿ, ಅವರ ಮುಖದ ಮೇಲೇ ಕಣ್ಣಿಟ್ಟು ಈಜುತ್ತಿದ್ದೆ. ನಡುಮಧ್ಯೆ ಬಲಗಾಲು ಮಡಚಿಕೊಂಡಿತು. ಅದನ್ನು ತಡೆಯಲು ಹೋಗಿ ಅವರ ಕೈ ತಪ್ಪಿತು. ಬಾಯಿಗೆ ನೀರು ಹೋಯಿತು, ಕೆಮ್ಮಿದರು, ಗದ್ದ ಮುಳುಗಿತು, ಮೂಗು ಮುಳುಗಿತು. ನನ್ನ ಕೈ ಹೊರಟೇಬಿಟ್ಟಿತು. ಅವರ ಕಣ್ಣು ನೀರಿನ ಮಟ್ಟದಲ್ಲಿತ್ತು. ಆ ಕಣ್ಣು ನನ್ನ ಕೈಯನ್ನು ನೋಡಿತು, ಆಮೇಲೆ ನನ್ನನ್ನು.

ನಾನು ಕೈ ಅಲ್ಲೇ ನಿಲ್ಲಿಸಿದೆ. ದೇವರಾಣೆ, ಜೀವಮಾನದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಅದು. ಬೆರಳಿಗೂ ಅವರ ಹೆಗಲಿಗೂ ನಡುವೆ ಇದ್ದದ್ದು ಒಂದು ತೆಳ್ಳನೆಯ ನೀರು. ಮೇಡಂ ದಂಡೆಯಿಂದ "ಪಕಡೋ! ಪಕಡೋ ಉನ್ಕೋ!" ಎಂದು ಅರಚುತ್ತಿದ್ದರು. ಹೊರಗಿನಿಂದ ಗೇಟು ಬಡಿಯುವ ಸದ್ದು. "ಮಲಗ್ರಿ!" ಎಂದು ನಾನು ಕೂಗಿದೆ. "ಬೆನ್ನ ಮ್ಯಾಲೆ ಮಲಗ್ರಿ ಅಮ್ಮ!"

ಅವರು ಕತ್ತು ಹಿಂದೆ ಚೆಲ್ಲಿದರು. ಹೊಟ್ಟೆ ಮೇಲೆ ಬಂತು, ಬಾಯಿ ಮೇಲೆ ಬಂತು. ಮಲಗಿ, ಆಕಾಶ ನೋಡುತ್ತ, ಸಶಬ್ದವಾಗಿ ಉಸಿರಾಡಿದರು. ಎಷ್ಟು ಹೊತ್ತೋ ಗೊತ್ತಿಲ್ಲ. ನನ್ನ ಮಂಡಿ ಬಿಗಿದು ಕಲ್ಲಾಗಿತ್ತು, ನಾನು ಬರೀ ಕೈಯಾಡಿಸುತ್ತ ಅಲ್ಲೇ ತೇಲುತ್ತಿದ್ದೆ. ಆಮೇಲೆ ಅವರು ಮಗ್ಗುಲಾಗಿ ತಿರುಗಿ ಕೈ ಚಾಚಿದರು. ಒಂದು ಕೈ, ಇನ್ನೊಂದು ಕೈ. ಆ ಬದಿಯ ಕಂಬಿಯನ್ನು ಹಿಡಿದರು.

ಮೇಡಂ ಬೈಯಲೆಂದು ಓಡಿ ಬಂದವರು ಬೈಯಲಿಲ್ಲ. ದಂಡೆಯ ಮೇಲೆ ಕೂತುಬಿಟ್ಟರು. ನಾನು ಕಂಬಿಗೆ ಹಣೆ ಒರಗಿಸಿ ಅಳುತ್ತಿದ್ದೆ. ಹೋಟೆಲಮ್ಮ ನನ್ನ ಬೆನ್ನು ತಟ್ಟಿ, "ನೀನೂ ದಾಟಿದ್ಯಲ್ದಾ, ಹೆಣೆ" ಎಂದರು. ಅಲ್ಲಿಯವರೆಗೆ ಅದು ನನಗೆ ಹೊಳೆದೇ ಇರಲಿಲ್ಲ.

ಬಟ್ಟೆ ಬದಲಾಯಿಸಿ ಹೊರಗೆ ಬಂದೆವು. ಮಗ ಗೇಟಿನ ಮೆಟ್ಟಿಲ ಕೆಳಗೆ ನಿಂತಿದ್ದ. ಮುಖ ಕೆಂಪೇರಿತ್ತು. ಏನೇನು ಬೈಯಬೇಕೆಂದುಕೊಂಡಿದ್ದನೋ, ಅಮ್ಮನ ಒದ್ದೆ ಕೂದಲು ನೋಡಿ ಎಲ್ಲ ಮರೆತುಹೋಯಿತು. "ಅಮ್ಮಾ... ಯೇ ಕ್ಯಾ ಹೈ? ನಿನಗೆ ಏನಾದ್ರೂ ಆಗಿದ್ರೆ? ಹಾಂ? ಆಗಿದ್ರೆ?" ಅಷ್ಟೇ ಬಂದದ್ದು. ಮೆಟ್ಟಿಲು ಕಂಡೊಡನೆ ಅಭ್ಯಾಸ. ಸಿಟ್ಟಿನಲ್ಲೂ ಅವನ ಕೈ ಅಮ್ಮನನ್ನು ಹಿಡಿದು ಇಳಿಸಲು ಮುಂದೆ ಬಂತು.

ಹೋಟೆಲಮ್ಮ ಆ ಕೈಯನ್ನು ನೋಡಿದರು. ಹೆಗಲಲ್ಲಿದ್ದ ಒದ್ದೆ ಬಟ್ಟೆಯ ಚೀಲ ತೆಗೆದು ಅದಕ್ಕೆ ನೇತುಹಾಕಿದರು. "ಇದನ್ ಹಿಡ್ಕೊ ಮಗಾ, ಭಾರ ಇತ್ತ್" ಎಂದು ಹೇಳಿ, ಮೆಟ್ಟಿಲುಗಳನ್ನು ತಾವೇ ಇಳಿದು ರಸ್ತೆಗೆ ಹೋದರು. ಅವನು ನೀರು ತೊಟ್ಟಿಕ್ಕುವ ಚೀಲ ಹಿಡಿದುಕೊಂಡು ಅವರ ಹಿಂದೆ ನಡೆದ.